ದಂಡಿನಿಂದ ವೈಗೈ ದಂಡೆಗೆ

1858ರ ಮೊದಲ ತಿಂಗಳುಗಳಲ್ಲಿ ತೆಗೆದ ಒಂದು ಫೋಟೋ ಇದೆ. ವೈಗೈ ನದಿ, ಅದಕ್ಕೆ ಅಡ್ಡಲಾಗಿ ತಗ್ಗಾದ ಕಲ್ಲುದಾರಿ, ಆಚೆ ದಡದಲ್ಲಿ ಮಧುರೈ. ಈ ನದಿಯ ಹುಟ್ಟು ಪಡುವಣದ ವರುಷನಾಡು ಬೆಟ್ಟಗಳಲ್ಲಿ. ಕಂಬಂ ಕಣಿವೆಯ ಸುರುಳಿ ಹೊಳೆ ತೇನಿಯ ಹತ್ತಿರ ಬಂದು ಇದಕ್ಕೆ ಸೇರುತ್ತದೆ. ಪೆರಿಯಕುಳಂ ಊರಿನ ನಡುವೆ ಹರಿಯುವ ವರಾಹ ನದಿಯೂ ಕೊನೆಗೆ ಸೇರುವುದು ಇಲ್ಲಿಗೇ. ಪೆನ್ನಿಕ್ವಿಕ್ ಎಂಬ ಎಂಜಿನಿಯರ್ ಕೇರಳದ ಕಡೆ ಹರಿದುಹೋಗುತ್ತಿದ್ದ ಪೆರಿಯಾರ್ ನದಿಗೆ ಅಣೆ ಕಟ್ಟಿ, ಬೆಟ್ಟ ಕೊರೆದು ಸುರಂಗದಲ್ಲಿ ಆ ನೀರನ್ನು ಈಚೆಗೆ ತಿರುಗಿಸಿದ್ದು 1895ರಲ್ಲಿ. ಅಲ್ಲಿಂದ ಮುಂದೆ ಕಂಬಂ ಕಣಿವೆ ಎರಡು ಬೆಳೆಯ ಸೀಮೆಯಾಯಿತು, ವೈಗೈ ಬೇರೆಯೇ ನದಿಯಾಯಿತು. ಫೋಟೋದಲ್ಲಿರುವುದು ಅದಕ್ಕೂ 37 ವರ್ಷ ಹಿಂದಿನ, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂಥ ವೈಗೈ.

ಚಿತ್ರ ತೆಗೆದವನು ಮಧುರೈಯವನಲ್ಲ, ಮದ್ರಾಸಿನಲ್ಲಿ ಬೇರೂರಿದವನೂ ಅಲ್ಲ. ಬೆಂಗಳೂರು ದಂಡಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೊರಟು ಬಂದ ಕ್ಯಾಪ್ಟನ್ ಲಿನೇಯಸ್ ಟ್ರೈಪ್, ಹನ್ನೆರಡನೆಯ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಅಧಿಕಾರಿ. ಗಂಭೀರವಾಗಿ ಫೋಟೋಗ್ರಫಿ ಮಾಡಿದ್ದು ಆಯುಷ್ಯದಲ್ಲಿ ಆರೇಳು ವರ್ಷ. ಆ ಅವಧಿಯಲ್ಲಿ ಅವನು ಬೇಲೂರು–ಹಳೇಬೀಡಿನಿಂದ ಹಿಡಿದು ಬರ್ಮಾದ ರಾಜಧಾನಿಯವರೆಗೆ, ಅಲ್ಲಿಂದ ತಂಜಾವೂರಿನವರೆಗೆ ತಿರುಗಿದ. ಅವನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಇದಕ್ಕೆ ಅರ್ಧ ಕಾರಣ ಅವನೇ: ಫೋಟೋ ಮಾರುವ ಅಂಗಡಿ ಇಡಲಿಲ್ಲ, ಪ್ರವಾಸ ಕಥನ ಬರೆಯಲಿಲ್ಲ, ತನ್ನ ಬಗ್ಗೆ ಮಾತಾಡಿದ್ದು ಸರ್ಕಾರಿ ಪತ್ರಗಳಲ್ಲಿ ಮಾತ್ರ. ಉಳಿದರ್ಧ ಕಾರಣ ಮದ್ರಾಸ್ ಸರ್ಕಾರ.

ಟ್ರೈಪ್ ಹುಟ್ಟಿದ್ದು 1822ರ ಏಪ್ರಿಲ್ 14ರಂದು, ಇಂಗ್ಲೆಂಡಿನ ನೈಋತ್ಯ ಕರಾವಳಿಯ ಡೆವನ್‌ಪೋರ್ಟ್‌ನಲ್ಲಿ. ಹನ್ನೆರಡು ಮಕ್ಕಳ ಮನೆಯಲ್ಲಿ ಒಂಬತ್ತನೆಯವನು. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ, 1840ರಲ್ಲಿ ಇಂಡಿಯಾಕ್ಕೆ ಬಂದ. ಹತ್ತು ವರ್ಷದ ಮೇಲೆ ದೀರ್ಘ ರಜೆ ಪಡೆದು ಊರಿಗೆ ಹೋದಾಗ ಅಲ್ಲಿ ಹೊಸ ಹುಚ್ಚೊಂದು ಹಬ್ಬಿತ್ತು. ಲಂಡನ್ನಿನ ಫೋಟೋಗ್ರಫಿಕ್ ಸೊಸೈಟಿ ಹುಟ್ಟಿದ 1853ರಲ್ಲೇ ಅವನು ಅದರ ಸದಸ್ಯನಾದ. ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ನಿಂತು ಹಡಗುಗಳ ಚಿತ್ರ ತೆಗೆದು ಕೈ ಪಳಗಿಸಿಕೊಂಡ. 1854ರ ನಡುವಿನಲ್ಲಿ ಬೆಂಗಳೂರಿಗೆ ಮರಳುವಾಗ ಸಾಮಾನಿನ ಜೊತೆ ದೊಡ್ಡ ಕ್ಯಾಮೆರಾವೂ ಇತ್ತು.

ಆಗ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನನ ಕೈಯಲ್ಲಿತ್ತು. ದಂಡಿನ ಅಧಿಕಾರಿಗಳಿಗೆ ಶಾಂತಿಕಾಲದಲ್ಲಿ ಕೈತುಂಬ ಬಿಡುವು. ಹಲವರು ಶಿಕಾರಿಗೆ ಹೋದರು, ಕೆಲವರು ಕುದುರೆ ಓಡಿಸಿದರು. ಟ್ರೈಪ್ 1854ರ ಡಿಸೆಂಬರಿನಲ್ಲಿ ಆಂಡ್ರ್ಯೂ ನೀಲ್ ಎಂಬ ಸೈನ್ಯದ ವೈದ್ಯನನ್ನು ಜೊತೆಗಿಟ್ಟುಕೊಂಡು ಹೊಯ್ಸಳರ ದೇವಾಲಯಗಳಿಗೆ ಹೊರಟ. ಮರುವರ್ಷ ಫೆಬ್ರವರಿಯಲ್ಲಿ ಮದ್ರಾಸಿನಲ್ಲಿ ದಕ್ಷಿಣ ಭಾರತದ ಕಚ್ಚಾ ಸಾಮಗ್ರಿ ಮತ್ತು ಕೈಗಾರಿಕೆಗಳ ದೊಡ್ಡ ಪ್ರದರ್ಶನ ನಡೆಯಿತು. ಟ್ರೈಪ್ ಅಲ್ಲಿ ಇಟ್ಟದ್ದು 68 ಚಿತ್ರಗಳನ್ನು, ಅದುವರೆಗೆ ಯಾರ ಕ್ಯಾಮೆರಾಕ್ಕೂ ಸಿಗದಿದ್ದ ದೇವಾಲಯಗಳವು. ಕಾಗದದ ಮೇಲಿನ ಅತ್ಯುತ್ತಮ ಚಿತ್ರಮಾಲೆ ಎಂದು ತೀರ್ಪುಗಾರರು ಅದನ್ನೇ ಎತ್ತಿಹಿಡಿದರು.

ಇವನೊಬ್ಬನೇ ಆಗಿರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಅದೇ 1855ರಲ್ಲಿ ಮುಂಬಯಿ ಸರ್ಕಾರದ ಕಡೆಯಿಂದ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕ್ಯಾಮೆರಾ ಹೂಡಿದ್ದ. ಅವನನ್ನು ಸೈನ್ಯ ವಾಪಸು ಕರೆಸಿಕೊಂಡ ಮೇಲೆ ಆ ಕೆಲಸ ಡಾ. ಪಿಗೌ ಪಾಲಿಗೆ ಬಂತು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಬಯಲಿನಲ್ಲಿದ್ದ. ಅವನ ನೆಗೆಟಿವ್‌ಗಳು ಮತ್ತೆ ಪತ್ತೆಯಾಗಲು 1980 ಬರಬೇಕಾಯಿತು. ಬಿಗ್ಸ್, ಪಿಗೌ, ನೀಲ್ ಮೂವರ ಚಿತ್ರಗಳನ್ನು ಸೇರಿಸಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಬಂತು. ಮೆಡೋಸ್ ಟೇಲರ್, ಫರ್ಗುಸನ್ ಬರೆದ ಆ ಪುಸ್ತಕದ ಚಿತ್ರಕಾರರ ಪಟ್ಟಿಯಲ್ಲಿ ಟ್ರೈಪ್ ಇಲ್ಲ. ಹಳೇಬೀಡಿಗೆ ಒಟ್ಟಿಗೆ ಹೋದ ಇಬ್ಬರಲ್ಲಿ ಒಬ್ಬನ ಹೆಸರು ಶೀರ್ಷಿಕೆಗೆ ಏರಿತು, ಇನ್ನೊಬ್ಬನದು ಬಿಟ್ಟುಹೋಯಿತು.

ಈಗ ಅವನ ಕೆಲಸದ ರೀತಿಯನ್ನು ಹತ್ತಿರದಿಂದ ನೋಡಬೇಕು. ಅವನ ಮುಖ್ಯ ಅಸ್ತ್ರ ಗಾಜಲ್ಲ, ಕಾಗದ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ಮೇಣಕಾಗದದ ವಿಧಾನ ಅದು. ತೆಳುವಾದ ಒಳ್ಳೆಯ ಕಾಗದಕ್ಕೆ ಬಿಳಿ ಮೇಣ ಹಚ್ಚಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಉಜ್ಜಿ ಉಜ್ಜಿ ಮೇಣ ಎಳೆಯೆಳೆಗೂ ಇಳಿಯುವಂತೆ ಮಾಡಬೇಕು. ಆಮೇಲೆ ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸುವುದು. ಬಳಸುವ ಮೊದಲು ಕತ್ತಲಲ್ಲಿ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ ತೆಗೆದರೆ ಕಾಗದಕ್ಕೆ ಬೆಳಕು ತಿಳಿಯುವ ಗುಣ ಬರುತ್ತದೆ. ಗಾಜಿನ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಫಲಕ ಆರುವ ಮೊದಲೇ ಚಿತ್ರ ತೆಗೆದು, ಅಲ್ಲೇ ಡೇರೆಯಲ್ಲಿ ತೊಳೆದು ಮುಗಿಸಬೇಕು. ಮೇಣಕಾಗದವನ್ನಾದರೆ ಕೆಲವು ದಿನ ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದು, ತೆಗೆದ ಮೇಲೂ ಬಿಡಾರಕ್ಕೆ ಹೋಗಿ ನಿಧಾನವಾಗಿ ತೊಳೆಯಬಹುದು. ಕುಲುಕಾಡುವ ಗಾಡಿಯಲ್ಲಿ ಒಡೆಯುವ ಭಯವಿಲ್ಲ. ಆದರೆ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕು.

ಆಗ ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕುವ ಉಪಾಯ ಬಳಕೆಯಲ್ಲಿರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಕ್ಯಾಮೆರಾ ಅದಕ್ಕಿಂತ ದೊಡ್ಡದು. ಟ್ರೈಪ್‌ನ ನೆಗೆಟಿವ್ ಸುಮಾರು ಹನ್ನೆರಡು ಇಂಚು ಅಗಲ, ಹದಿನೈದು ಇಂಚು ಉದ್ದ. ಹಸಿರು ಮರಗಳನ್ನು ಕಪ್ಪಾಗಿಯೂ ನೀಲಿ ಆಕಾಶವನ್ನು ಬರಿದಾಗಿಯೂ ಕಾಣುವುದು ಆ ಕಾಗದದ ದೋಷ. ಮೋಡ ಬರುವುದಿಲ್ಲ, ಬಂದರೂ ಕಲೆಯಂತೆ ಬರುತ್ತದೆ. ಟ್ರೈಪ್ ಇದಕ್ಕೆ ಹುಡುಕಿದ ದಾರಿ ಚಿತ್ರಕಾರನದು: ಕುಂಚ ತೆಗೆದುಕೊಂಡು ನೆಗೆಟಿವ್‌ನ ಮೇಲೇ ಬಣ್ಣ ಹಚ್ಚಿ ಮೋಡ ಬರೆದ, ಮರದ ಎಲೆಗಳಿಗೆ ಬೆಳಕು ಕೊಟ್ಟ. ಅವನ ಚಿತ್ರಗಳಲ್ಲಿ ನಾವು ಮೆಚ್ಚುವ ಮೋಡಗಳಲ್ಲಿ ಎಷ್ಟೋ ಮೋಡಗಳು ಆ ಊರಿನ ಮೇಲೆ ಎಂದೂ ಸುಳಿದವಲ್ಲ. ಸರ್ಕಾರ ಕೇಳಿದ್ದು ಇದ್ದದ್ದನ್ನು ಇದ್ದಂತೆ ತೋರಿಸುವ ದಾಖಲೆ. ಈ ಕ್ಯಾಪ್ಟನ್ ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತಿದ್ದ, ಆದರೆ ನೋಡಲು ಚೆಂದವೂ ಇರಬೇಕೆಂದು ಹಟ ಹಿಡಿಯುತ್ತಿದ್ದ. ಆ ಹಟದಲ್ಲೇ ಅವನ ಹೆಚ್ಚುಗಾರಿಕೆ ಇರುವುದು ಎನ್ನುವುದು ನನ್ನ ಎಣಿಕೆ.

ಬರ್ಮಾದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ಅರಸ ಮಿಂಡನ್ ಬಳಿಗೆ ಆರ್ಥರ್ ಫೇರ್‌ನ ನಾಯಕತ್ವದಲ್ಲಿ ನಿಯೋಗ ಕಳಿಸಿದ. ಅದರ ಜೊತೆ ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರ, ಟ್ರೈಪ್ ಎಂಬ ಫೋಟೋಗ್ರಾಫರ್. ಬೇಕಿದ್ದ ಒಪ್ಪಂದ ದಕ್ಕಲಿಲ್ಲ, ಇನ್ನೂರು ಮೀರಿ ಚಿತ್ರಗಳು ದಕ್ಕಿದವು. ಮಳೆ, ಕಾಯಿಲೆ, ಮೋಡದ ಮುಸುಕು ಎಲ್ಲದರ ನಡುವೆ ತೆಗೆದವು. ಬೆಂಗಳೂರಿಗೆ ಮರಳಿದ ಮೇಲೆ ಅವುಗಳಿಂದ 120 ಆರಿಸಿ, ಒಂದೊಂದರದೂ ಐವತ್ತು ಪ್ರತಿ ತೆಗೆಯುವ ಕೆಲಸ ಶುರುವಾಯಿತು. ಲೆಕ್ಕ ಹಾಕಿ: ಆರು ಸಾವಿರ ಅಚ್ಚು, ಒಂದೊಂದನ್ನೂ ಬಿಸಿಲಿಗಿಟ್ಟು, ಬಣ್ಣ ತಿರುಗುವುದನ್ನು ನೋಡುತ್ತ ತೆಗೆಯಬೇಕು, ತೊಳೆಯಬೇಕು, ರಟ್ಟಿಗೆ ಅಂಟಿಸಬೇಕು. ಬೆಂಗಳೂರಿನ ಬಿಸಿಲಿಗೆ ಅಷ್ಟು ದೊಡ್ಡ ಫೋಟೋ ಕೆಲಸ ಅದಕ್ಕೆ ಮುಂಚೆ ಬಿದ್ದಿರಲಿಕ್ಕಿಲ್ಲ.

ಇಷ್ಟರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರಿಗೂ ಒಂದು ಲೆಕ್ಕ ಹೊಳೆದಿತ್ತು. ಹಳೆಯ ಕಟ್ಟಡಗಳನ್ನು ನಕ್ಷೆಕಾರರಿಂದ ಬರೆಸುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಕ್ಯಾಮೆರಾ ಆದರೆ ಬೇಗ, ಅಗ್ಗ, ಕರಾರುವಾಕ್ಕು. 1855ರಲ್ಲಿ ಹಾಗೆಂದು ಆದೇಶ ಬಂತು. 1856ರಲ್ಲಿ ಮದ್ರಾಸ್ ಸರ್ಕಾರ ಟ್ರೈಪ್‌ನನ್ನು ತನ್ನ ಫೋಟೋಗ್ರಾಫರ್ ಆಗಿ ನೇಮಿಸಿತು. ಬರ್ಮಾದ ಅಚ್ಚು ಕೆಲಸ ಮುಗಿಸಿ ಅವನು ಹೊಸ ಹುದ್ದೆಗೆ ಕೈಹಚ್ಚುವ ಹೊತ್ತಿಗೆ 1857 ಬಂದಿತ್ತು. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದು ದಿಲ್ಲಿ, ಲಖನೌ ಹೊತ್ತಿ ಉರಿಯುತ್ತಿದ್ದಾಗ, ಮದ್ರಾಸ್ ಸೈನ್ಯದ ಒಬ್ಬ ಕ್ಯಾಪ್ಟನ್ ದೇವಸ್ಥಾನಗಳ ಪಟ್ಟಿ ಮಾಡಿಕೊಂಡು ರಸಾಯನದ ಶೀಶೆಗಳನ್ನು ಹುಲ್ಲಿನಲ್ಲಿ ಸುತ್ತಿಡಿಸುತ್ತಿದ್ದ. ದಕ್ಷಿಣ ಶಾಂತವಾಗಿದೆ ಎನ್ನುವುದಕ್ಕೆ ಸರ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗುತ್ತಿರಲಿಲ್ಲ.

1857ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಸವಾರಿ ಹೊರಟಿತು. ಮೊದಲು ರಾಯಕೋಟೆ, ಸೇಲಂ ಸೀಮೆಯ ಕೋಟೆಗಳು. ಆಮೇಲೆ ತಿರುಚಿರಾಪಳ್ಳಿ, ಶ್ರೀರಂಗ. ಅಲ್ಲಿಂದ ಮಧುರೈ, ಪುದುಕೋಟೆ, ತಂಜಾವೂರು. ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ ಕನ್ನಡಿಗರಿಗೆ ಈ ದಿಕ್ಕು ಪರಿಚಿತ. ಮೈಸೂರಿನ ಸೈನ್ಯ ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣಕ್ಕೆ ಇಳಿದದ್ದು ಇದೇ ಕಡೆಗೆ. 1755ರಲ್ಲಿ ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾಗಿ, ಫ್ರೆಂಚ್ ಕಸುಬುದಾರರನ್ನು ಕರೆಸಿ ಆ ಬಂಡೆಯ ಕೋಟೆಯ ಬಳಿ ಮದ್ದುಗುಂಡಿನ ಕಾರ್ಖಾನೆ ಇಟ್ಟಿದ್ದ. ದಿಂಡಿಗಲ್ಲು ಕಂಪನಿಗೆ ಕಾಯಂ ಆಗಿ ಹೋದದ್ದು 1792ರಲ್ಲಿ, ಟೀಪು ಶ್ರೀರಂಗಪಟ್ಟಣದಲ್ಲಿ ಒಪ್ಪಂದಕ್ಕೆ ರುಜು ಹಾಕಿದಾಗ. ಟ್ರೈಪ್ ಬರುವ ಹೊತ್ತಿಗೆ ದಿಂಡಿಗಲ್ಲು, ಪೆರಿಯಕುಳಂ, ಕಂಬಂ ಎಲ್ಲವೂ ಮಧುರೈ ಜಿಲ್ಲೆಯ ಒಳಗಿದ್ದವು. ದಿಂಡಿಗಲ್ಲು ಬೇರೆ ಜಿಲ್ಲೆಯಾಗಿದ್ದು 1985ರಲ್ಲಿ, ತೇನಿ 1996ರಲ್ಲಿ.

ಮಧುರೈಗೆ ಟ್ರೈಪ್ ಕೊಟ್ಟಷ್ಟು ಗಮನವನ್ನು ಆ ಯಾತ್ರೆಯಲ್ಲಿ ಬೇರೆ ಊರಿಗೆ ಕೊಡಲಿಲ್ಲ. ಅದರ ಆಲ್ಬಮ್ ನಾಲ್ಕು ಭಾಗಗಳಲ್ಲಿ ಬಂತು. ಮೀನಾಕ್ಷಿ ಗುಡಿಯ ಗೋಪುರಗಳು, ಪುದುಮಂಟಪದ ಕಂಬಗಳು, ತೆಪ್ಪಕುಳ, ತಿರುಮಲೈ ನಾಯಕನ ಅರಮನೆ. ಅರಮನೆ ಆಗ ಅರ್ಧ ಹಾಳು. ಅದನ್ನು ರಿಪೇರಿ ಮಾಡಿಸಿದವನು 1866ರಿಂದ 1872ರವರೆಗೆ ಗವರ್ನರ್ ಆಗಿದ್ದ ನೇಪಿಯರ್. ಇವತ್ತು ಪ್ರವಾಸಿಗರು ನೋಡುವ ದಪ್ಪ ಕಂಬಗಳ ಅಂಗಳ ಆ ರಿಪೇರಿಯ ನಂತರದ್ದು. ಅದಕ್ಕೆ ಮುಂಚಿನ ಸ್ಥಿತಿ ನೋಡಬೇಕೆಂದರೆ ಟ್ರೈಪ್‌ನ ಚಿತ್ರಗಳ ಹತ್ತಿರ ಹೋಗಬೇಕು.

ದೇವರ ಒಡವೆಗಳನ್ನೂ ಅವನು ಕ್ಯಾಮೆರಾ ಮುಂದೆ ಇರಿಸಿಕೊಂಡು ಚಿತ್ರ ತೆಗೆದಿದ್ದಾನೆ. ಗುಡಿಯ ಭಂಡಾರದಿಂದ ತಂದು ಹರಡಿದ ಕಂಠಾಭರಣ, ಪದಕ, ಸರ ಆ ಕಾಗದದಲ್ಲಿ ಬಣ್ಣವಿಲ್ಲದೆ ಬರೀ ಕುಸುರಿಯಾಗಿ ನಿಂತಿವೆ. ಚಿನ್ನದ ಹೊಳಪು ಕಳೆದುಹೋದ ಮೇಲೂ ಅಕ್ಕಸಾಲಿಯ ಕೈ ಎಷ್ಟು ನಿಚ್ಚಳವಾಗಿ ಕಾಣುತ್ತದೆಂದರೆ, ಬಹುಶಃ ಗರ್ಭಗುಡಿಯ ದೀಪದಲ್ಲಿ ನಿಂತು ನೋಡಿದ ಭಕ್ತರಿಗೂ ಅಷ್ಟು ಕಂಡಿರಲಾರದು. ಕಂಪನಿ ಸರ್ಕಾರದ ಮಾತು ಆಗ ದೇವಸ್ಥಾನದ ಒಳಗೂ ನಡೆಯುತ್ತಿತ್ತು ಎನ್ನುವುದನ್ನು ಅದೇ ಚಿತ್ರ ಸದ್ದಿಲ್ಲದೆ ಹೇಳುತ್ತದೆ.

ಇನ್ನೊಂದು ಚಿತ್ರದಲ್ಲಿ ಊರವರು ಇಂದಿಗೂ ವಿಳಕ್ಕುತ್ತೂಣ್ ಅನ್ನುವ ದೀಪಸ್ತಂಭ ಇದೆ. ಅದು ಕಲೆಕ್ಟರ್ ಬ್ಲ್ಯಾಕ್‌ಬರ್ನ್‌ನ ಹೆಸರಿನಲ್ಲಿ ನಿಲ್ಲಿಸಿದ್ದು. ಮಧುರೈಯ ಹಳೆಯ ಕೋಟೆಗೋಡೆ ಕೆಡವಿಸಿ, ಕಂದಕ ಮುಚ್ಚಿಸಿ, ಊರಿಗೆ ಹೊಸ ಬೀದಿಗಳನ್ನು ತೆರೆದವನು ಅವನು. ಆ ಕೆಲಸದಲ್ಲಿದ್ದ ಸರ್ವೇಯರ್ ಮಾರೆಟ್ ಮತ್ತು ಪೆರುಮಾಳ್ ಮೇಸ್ತ್ರಿ ಇಬ್ಬರ ಹೆಸರೂ ಬೀದಿಗಳ ಮೇಲೆ ಉಳಿದಿದೆ. ಸಾವಿರ ವರ್ಷದ ಗುಡಿಯ ಪಕ್ಕದಲ್ಲಿ ಹತ್ತು ವರ್ಷದ ಕಂಬವನ್ನೂ ಟ್ರೈಪ್ ಅಷ್ಟೇ ಶ್ರದ್ಧೆಯಿಂದ ತೆಗೆದ. ಹಳೆಯದರ ದಾಖಲೆಗೆ ಬಂದವನು ಹೊಸ ಆಡಳಿತದ ಗುರುತನ್ನೂ ಸೇರಿಸಿದ. ಅದು ನೌಕರಿಯ ಭಾಗ.

ಮಧುರೈ ಆಲ್ಬಮ್ಮಿನ ಕೆಲವು ಭಾಗಗಳಿಗೆ ವಿವರಣೆ ಬರೆದವನು ಒಬ್ಬ ಅಮೆರಿಕನ್, ಪಾದ್ರಿ ವಿಲಿಯಂ ಟ್ರೇಸಿ. ಕನೆಕ್ಟಿಕಟ್‌ನಿಂದ ಬಂದು ಮಧುರೈಯ ಹೊರಗಿನ ಪಸುಮಲೈಯಲ್ಲಿ ಸೆಮಿನರಿ ನಡೆಸುತ್ತಿದ್ದ. ಅಮೆರಿಕನ್ ಮಧುರಾ ಮಿಷನ್ 1834ರಿಂದ ಈ ಜಿಲ್ಲೆಯಲ್ಲಿತ್ತು. ಮುಂದೆ ದಿಂಡಿಗಲ್ಲು, ಪೆರಿಯಕುಳಂ, ಬತ್ತಲಗುಂಡುಗಳಲ್ಲಿ ಅದರ ಠಾಣೆಗಳು ಎದ್ದವು. ಕಾಲರಾ, ಜ್ವರಗಳಿಗೆ ಮಕ್ಕಳನ್ನೂ ಜೊತೆಗಾರರನ್ನೂ ಕಳೆದುಕೊಂಡ ಈ ಅಮೆರಿಕನ್ನರೇ ತಂಪು ಜಾಗ ಹುಡುಕುತ್ತ 1845ರಲ್ಲಿ ಪಳನಿ ಬೆಟ್ಟದ ಮೇಲೆ ಎರಡು ಮನೆ ಕಟ್ಟಿಕೊಂಡರು, ಕೊಡೈಕನಾಲ್ ಶುರುವಾಯಿತು. ಮೋಟಾರು ರಸ್ತೆ ಆಗುವವರೆಗೆ ಅಲ್ಲಿಗೆ ಹತ್ತುವ ಹಾದಿ ಪೆರಿಯಕುಳಂ ಕಡೆಯಿಂದಲೇ. ಬುಡದ ಮಾವಿನ ತೋಪಿನಲ್ಲಿ ಗಾಡಿ ಇಳಿದು, ಕೂಲಿಯವರು ಹೊತ್ತ ಕುರ್ಚಿಗಳಲ್ಲಿ ಕೂತು ಸಾಹೇಬರ ಸಂಸಾರಗಳು ಬೆಟ್ಟ ಏರುತ್ತಿದ್ದವು.

ಪಾದ್ರಿಯೊಬ್ಬ ಹಿಂದೂ ದೇವಾಲಯಕ್ಕೆ ವಿವರಣೆ ಬರೆದರೆ ಹೇಗಿರಬಹುದು ಎಂಬ ಕುತೂಹಲ ಸಹಜ. ಸರ್ಕಾರಕ್ಕೆ ಅದು ವಿಚಿತ್ರ ಅನ್ನಿಸಲಿಲ್ಲ. ತಮಿಳು ಬಲ್ಲ, ಇಪ್ಪತ್ತು ವರ್ಷ ಊರಿನಲ್ಲಿದ್ದ, ಇಂಗ್ಲಿಷಿನಲ್ಲಿ ಬರೆಯಬಲ್ಲ ಮನುಷ್ಯ ಬೇಕಿತ್ತು. ಗುಡಿಯ ಸ್ಥಾನಿಕರನ್ನು ಕೇಳಿ ಬರೆಸಬಹುದೆಂದು ಯಾರಿಗೂ ತೋಚಲಿಲ್ಲ. ಹೀಗೆ ಕನ್ನಡ ಸೀಮೆಯಲ್ಲಿ ಪಳಗಿದ ಇಂಗ್ಲಿಷ್ ಕ್ಯಾಮೆರಾ, ಅಮೆರಿಕನ್ ಲೇಖನಿ, ಪಾಂಡ್ಯ–ನಾಯಕರ ಕಲ್ಲು ಮೂರೂ ಒಂದೇ ರಟ್ಟಿನ ಮೇಲೆ ಕೂಡಿಕೊಂಡವು.

ಆದರೆ ಆಲ್ಬಮ್ಮಿನ ಒತ್ತೆಲ್ಲ ಮಧುರೈ ಪಟ್ಟಣದ ಮೇಲೆ, ಅದರ ಗುಡಿ–ಅರಮನೆಗಳ ಮೇಲೆ. ಸರ್ಕಾರದ ಸೂಚನೆಯಲ್ಲಿ ಜನರ ಚಿತ್ರಗಳ ಪ್ರಸ್ತಾಪವೂ ಇತ್ತು. ನಿಮಿಷಗಟ್ಟಲೆ ಅಲುಗದೆ ನಿಲ್ಲುವ ಜನ ಎಲ್ಲಿ ಸಿಗಬೇಕು? ಕಲ್ಲು ಅಲುಗುವುದಿಲ್ಲ. ಟ್ರೈಪ್‌ನ ದಕ್ಷಿಣ ಭಾರತ ಬಹುಪಾಲು ನಿರ್ಜನ. ತೇರುಬೀದಿ ಖಾಲಿ, ಕೆರೆಯ ಸೋಪಾನ ಖಾಲಿ. ನಡೆದಾಡಿದವರು ಕಾಗದಕ್ಕೆ ಅಂಟದೆ ಮಾಯವಾದರು.

ಪಟ್ಟಣದ ಆಚೆ, ವೈಗೈ ನದಿಯ ಮೇಲುಭಾಗದಲ್ಲಿ ಆಗ ಏನೇನಿತ್ತು ಎಂದು ತಿಳಿಯಲು ಚಿತ್ರದ ಬದಲು ಬರಹಕ್ಕೆ ಹೋಗಬೇಕು, ಅದೂ ಅರ್ಧ ಶತಮಾನ ಕಾದು. 1906ರಲ್ಲಿ ಬಂದ ಡಬ್ಲ್ಯೂ. ಫ್ರಾನ್ಸಿಸ್‌ನ ಮಧುರೈ ಗೆಜೆಟಿಯರ್ ಕಂಬಂ ಊರಿನ ಕಾಪ್ಪಿಲಿಯರ ವಿಷಯ ಹೇಳುತ್ತದೆ. ಇವರು ಕನ್ನಡ ಮನೆಮಾತಿನ ಒಕ್ಕಲು ಜನ, ಎಷ್ಟೋ ತಲೆಮಾರುಗಳ ಹಿಂದೆ ದನ ಹೊಡೆದುಕೊಂಡು ತೆಂಕಣಕ್ಕೆ ಬಂದವರು. ಅವರ ಬಳಿ ದೇವರಿಗೆ ಬಿಟ್ಟ ಹಿಂಡೊಂದಿತ್ತು. ತಮಿಳರು ತಂಬಿರಾನ್ ಮಾಡು ಎನ್ನುತ್ತಿದ್ದರು, ಮನೆಯವರು ದೇವರ ಆವು ಎನ್ನುತ್ತಿದ್ದರು. ಆ ಹಿಂಡಿಗೊಂದು ಪಟ್ಟದ ಎತ್ತು. ಅದು ಸತ್ತರೆ ಹಿಂಡಿನ ಮುಂದೆ ಪೂಜೆ ಮಾಡಿ ಕಬ್ಬು ಇಡುತ್ತಿದ್ದರು. ಮೊದಲು ಬಂದು ಬಾಯಿ ಹಾಕಿದ ಎತ್ತಿಗೆ ಪಟ್ಟ. ಹಳೇಬೀಡಿನ ಕಲ್ಲಿನ ಗೋವುಗಳನ್ನು ಸೆರೆಹಿಡಿದ ಕ್ಯಾಪ್ಟನ್ನನಿಗೆ ಈ ಎತ್ತು ಸಿಗಲಿಲ್ಲ. ಸಿಕ್ಕಿದ್ದರೂ ಆ ಪುಣ್ಯಾತ್ಮ ಐದು ನಿಮಿಷ ಬಾಲ ಅಲ್ಲಾಡಿಸದೆ ನಿಲ್ಲಬೇಕಿತ್ತಲ್ಲ!

ತಂಜಾವೂರಿಗೆ ಬಂದಾಗ ಟ್ರೈಪ್ ತನ್ನ ಜೀವಮಾನದ ದೊಡ್ಡ ಸಾಹಸಕ್ಕೆ ಕೈಹಾಕಿದ. ಬೃಹದೀಶ್ವರ ದೇವಾಲಯದ ವಿಮಾನದ ಪೀಠದ ಸುತ್ತ ಸಾಲುಸಾಲಾಗಿ ಶಾಸನ ಕೆತ್ತಿದೆ. ಅದನ್ನು ಒಂದು ಚಿತ್ರದಲ್ಲಿ ಹಿಡಿಯಲು ಬಾರದು. ಕ್ಯಾಮೆರಾವನ್ನು ಗೋಡೆಗುಂಟ ಸರಿಸುತ್ತ, ದೂರ ಕೆಡದಂತೆ, ಬೆಳಕು ಕೆಡದಂತೆ ಒಂದೊಂದೇ ತುಂಡು ತೆಗೆದು, 21 ಅಚ್ಚುಗಳನ್ನು ಅಂಚಿಗೆ ಅಂಚು ಕೂಡಿಸಿ ಸುಮಾರು 19 ಅಡಿ ಉದ್ದದ ಸುರುಳಿ ಮಾಡಿದ. ಆ ಅಕ್ಷರಗಳನ್ನು ಓದಲು ಅವನಿಗೆ ಬರುತ್ತಿರಲಿಲ್ಲ. ಆ ಗುಡಿ ಕಟ್ಟಿಸಿದವನು ಯಾರು ಎಂಬುದೇ ಆಗ ವಿದ್ವಾಂಸರಲ್ಲಿ ಇತ್ಯರ್ಥವಾಗಿರಲಿಲ್ಲ. ಹುಲ್ಶ್ ಎಂಬ ಜರ್ಮನ್ ವಿದ್ವಾಂಸ 1880ರ ದಶಕದ ಕೊನೆಯಲ್ಲಿ ಶಾಸನಗಳನ್ನು ಕೂತು ಓದಿ, ಇದು ರಾಜರಾಜ ಚೋಳನ ಗುಡಿ ಎಂದು ಖಚಿತಪಡಿಸಿದ.

ಶಾಸನಗಳನ್ನು ಫೋಟೋದಲ್ಲಿ ಹಿಡಿಯುವ ಕೆಲಸದ ಮುಂದಿನ ಹೆಜ್ಜೆ ನಮ್ಮಲ್ಲೇ ಆಯಿತು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸಂಸ್ಥಾನ ಸುತ್ತಿ ನೂರೈವತ್ತರಷ್ಟು ಶಾಸನಗಳ ಫೋಟೋ ತೆಗೆದ. ಬಿ. ಎಲ್. ರೈಸ್ ಆ ಫೋಟೋಗಳನ್ನು ಮುಂದಿಟ್ಟುಕೊಂಡು ಓದಿ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕ ತಂದ. ಎಪಿಗ್ರಾಫಿಯಾ ಕರ್ನಾಟಿಕಾದ ದಾರಿ ಹಾಗೆ ತೆರೆಯಿತು. ಫೋಟೋ ನೋಡಿ ಶಾಸನ ಓದುವ ಈ ಕಾಲದ ಸಂಶೋಧಕರ ರೂಢಿಗೆ ಅಷ್ಟು ಹಳೆಯ ಬೇರಿದೆ.

1858ರ ಬೇಸಿಗೆಯಲ್ಲಿ ಟ್ರೈಪ್ ಮದ್ರಾಸ್ ತಲುಪಿದ. ಅಲ್ಲಿನ ಮ್ಯೂಸಿಯಮ್ಮಿನಲ್ಲಿದ್ದ ಅಮರಾವತಿಯ ಶಿಲ್ಪಗಳನ್ನೂ ಆ ವರ್ಷ ತೆಗೆದ. ಅವುಗಳನ್ನು ಅಗೆಸಿ ತಂದವನು ವಾಲ್ಟರ್ ಎಲಿಯಟ್; 1824ರಲ್ಲಿ ಕಿತ್ತೂರಿನ ಕೋಟೆಯಲ್ಲಿ ರಾಣಿ ಚೆನ್ನಮ್ಮನ ಕೈಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷರಲ್ಲಿ ಒಬ್ಬ, ಆಮೇಲೆ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದವನೂ ಅವನೇ. ಅಚ್ಚು ಹಾಕುವ ದೊಡ್ಡ ಕೆಲಸದಲ್ಲಿ ಟ್ರೈಪ್‌ಗೆ ಬಲಗೈಯಾಗಿದ್ದವನು ಸಿ. ಅಯ್ಯಾಸಾಮಿ. ಶ್ರೀರಂಗ, ತಿರುಚಿರಾಪಳ್ಳಿ, ಮಧುರೈ, ಪುದುಕೋಟೆ, ತಂಜಾವೂರು, ರಾಯಕೋಟೆಗಳ ಆಲ್ಬಮ್‌ಗಳು ಒಂದರ ಮೇಲೊಂದು ಹೊರಬಿದ್ದವು. ಜೋಡಿ ಮಸೂರದ ಪೆಟ್ಟಿಗೆಯಲ್ಲಿಟ್ಟು ನೋಡುವ ಸ್ಟೀರಿಯೋ ಚಿತ್ರಗಳನ್ನೂ ತಂದ.

ಆಗ ಲೆಕ್ಕಪುಸ್ತಕ ಎದುರು ಬಂತು. ದಂಗೆ ಅಡಗಿತ್ತು, ಕಂಪನಿಯ ರಾಜ್ಯ ಮುಗಿದು ರಾಣಿಯ ರಾಜ್ಯ ಬಂದಿತ್ತು, ಬೊಕ್ಕಸ ಬರಿದಾಗಿತ್ತು. 1859ರಲ್ಲಿ ಚಾರ್ಲ್ಸ್ ಟ್ರೆವೆಲಿಯನ್ ಮದ್ರಾಸಿನ ಗವರ್ನರ್ ಆಗಿ ಇಳಿದ. ಐರ್ಲೆಂಡಿನ ಕ್ಷಾಮದ ಕಾಲದಲ್ಲಿ ಖಜಾನೆಯ ಬಿಗಿ ಹಿಡಿತಕ್ಕೆ ಹೆಸರಾಗಿದ್ದವನು. ಈ ಬಡತನದಲ್ಲಿ ಫೋಟೋಗ್ರಫಿ ಭಾರಿ ಷೋಕಿ ಎಂದು ಅವನು ತೀರ್ಮಾನಿಸಿದ. 1860ಕ್ಕೆ ಕಚೇರಿ ಮುಚ್ಚಿತು. ಕ್ಯಾಮೆರಾ ಅಗ್ಗವೆಂದು ಶುರುಮಾಡಿದ ಸರ್ಕಾರ ದುಬಾರಿಯೆಂದು ನಿಲ್ಲಿಸಿತು. ಟ್ರೆವೆಲಿಯನ್ ಕೂಡ ಆ ಕುರ್ಚಿಯಲ್ಲಿ ಬಹಳ ದಿನ ಕೂರಲಿಲ್ಲ. ಆದಾಯ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ ಅದೇ 1860ರಲ್ಲಿ ಅವನನ್ನು ವಾಪಸು ಕರೆಸಿಕೊಂಡರು.

ಒಂದು ಮಾತು ಟ್ರೆವೆಲಿಯನ್ ಪರವಾಗಿಯೂ ಹೇಳಬೇಕು. ಟ್ರೈಪ್‌ನ ಕೆಲಸ ನಿಜಕ್ಕೂ ನಿಧಾನ. ಮೋಡ ಬರೆಯುವುದು, ರಟ್ಟಿಗೆ ಅಂಟಿಸುವುದು, ಹೆಸರಿನ ಚೀಟಿ ಅಚ್ಚು ಹಾಕಿಸುವುದು, ರುಜು ಮಾಡುವುದು, ಕಚೇರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಆದರೆ 1867–68ರಲ್ಲಿ ಅದೇ ಮದ್ರಾಸ್ ಸರ್ಕಾರ ಅದೇ ಮಧುರೈ, ತಿರುಚಿರಾಪಳ್ಳಿ, ತಂಜಾವೂರುಗಳಿಗೆ ಮತ್ತೊಬ್ಬ ಮಾಜಿ ಸೇನಾಧಿಕಾರಿಯನ್ನು, ಊಟಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಕ್ಯಾಪ್ಟನ್ ಲಯನ್‌ನನ್ನು ಕಳಿಸಿ ಅವೇ ಗುಡಿಗಳ ಫೋಟೋ ತೆಗೆಸಿತು. ಉಳಿಸಿದ ಹಣ ಎಲ್ಲಿ ಹೋಯಿತೋ!

ಟ್ರೈಪ್ ಕಾಯಿಲೆಯಿಂದ ರಜೆ ಪಡೆದು ಊರಿಗೆ ಹೋದ. ಆಮೇಲೆ ಮರಳಿ ಪಲ್ಟಣಕ್ಕೆ ಬಂದು ಸಿಪಾಯಿಗಿರಿ ಮಾಡಿದ. ಕ್ಯಾಮೆರಾವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ. 1870ರ ದಶಕದಲ್ಲಿ ಮೇಜರ್ ಜನರಲ್ ಎಂಬ ಗೌರವ ಪದವಿಯೊಂದಿಗೆ ನಿವೃತ್ತನಾಗಿ ಡೆವನ್‌ಪೋರ್ಟ್‌ಗೆ ಮರಳಿದ. 1902ರ ಮಾರ್ಚ್ 2ರಂದು ಅಲ್ಲೇ ತೀರಿಕೊಂಡ.

ಅಷ್ಟರಲ್ಲಿ ಫೋಟೋಗ್ರಫಿಯ ಜಗತ್ತೇ ಬದಲಾಗಿತ್ತು. ಒಣ ಫಲಕ ಬಂದು ಕತ್ತಲಿನ ಡೇರೆ ಬೇಡವಾಯಿತು, ಕ್ಷಣದಲ್ಲಿ ಚಿತ್ರ ಸಿಗತೊಡಗಿತು. ಅಮೆರಿಕದಿಂದ ಸಂಚಾರಿ ಫೋಟೋಗ್ರಾಫರುಗಳು ಇತ್ತ ಬಂದದ್ದು ಈ ಕಾಲದಲ್ಲಿ. ವಿಲಿಯಂ ಹೆನ್ರಿ ಜಾಕ್ಸನ್ 1894ರಿಂದ 1896ರವರೆಗೆ ಸಾರಿಗೆ ಆಯೋಗವೊಂದರ ಜೊತೆ ಏಷ್ಯಾ ಸುತ್ತಿದ, ಇಂಡಿಯಾವನ್ನೂ ಹಾಯ್ದ. ಜೇಮ್ಸ್ ರಿಕಲ್ಟನ್ ಎಂಬ ನ್ಯೂಜೆರ್ಸಿಯ ಶಾಲಾಮೇಷ್ಟ್ರನ್ನು 1888ರಲ್ಲಿ ಎಡಿಸನ್ ತನ್ನ ಬಲ್ಬಿನ ತಂತುವಿಗೆ ಒಳ್ಳೆಯ ಬಿದಿರು ಹುಡುಕಲು ಏಷ್ಯಾಕ್ಕೆ ಕಳಿಸಿದ್ದ. ಮೇಷ್ಟ್ರು ಆಮೇಲೆ ಪಾಠ ಬಿಟ್ಟು ಅಂಡರ್‌ವುಡ್ ಕಂಪನಿಗೆ ಸ್ಟೀರಿಯೋ ಚಿತ್ರ ತೆಗೆಯಲು ನಿಂತ. ಅವನ ಇಂಡಿಯಾ ನೂರು ಚಿತ್ರಗಳ ಪೆಟ್ಟಿಗೆಯಾಗಿ ಮಾರಾಟವಾಯಿತು. ಅದನ್ನು ಅಮೆರಿಕದ ಕಾಲೇಜು ಹುಡುಗರು ರಜೆಯಲ್ಲಿ ಮನೆಮನೆ ತಿರುಗಿ ಮಾರುತ್ತಿದ್ದರು.

ರಿಕಲ್ಟನ್‌ಗೆ ಗವರ್ನರನ ಹಂಗಿರಲಿಲ್ಲ, ಗಿರಾಕಿಯ ಹಂಗಿತ್ತು. ಗಿರಾಕಿಗೆ ಬೇಕಾದದ್ದು ಜನ: ಸಾಧು, ಹಾವಾಡಿಗ, ಆನೆಯ ಮೇಲಿನ ರಾಜ, ಸ್ನಾನಘಟ್ಟದ ಮೇಲಿನ ಜನಜಂಗುಳಿ. ಹಾಗಾಗಿ ಅವನ ಕಾಲದ ಚಿತ್ರಗಳಲ್ಲಿ ಮನುಷ್ಯರು ತುಂಬಿದ್ದಾರೆ, ಆದರೆ ಬಹುಪಾಲು ವೇಷ ಹಾಕಿಕೊಂಡು ನಿಂತವರು. ಯಾವುದು ಮೇಲು? ಟ್ರೈಪ್‌ನ ಖಾಲಿ ಅಂಗಳವನ್ನೇ ಆರಿಸಿಕೊಳ್ಳುತ್ತೇನೆ, ಮನುಷ್ಯರ ಬಗ್ಗೆ ಅದು ಕನಿಷ್ಠ ಸುಳ್ಳು ಹೇಳುವುದಿಲ್ಲ.

ಟ್ರೈಪ್‌ನ ದೊಡ್ಡ ಪ್ರದರ್ಶನ ಕೊನೆಗೂ ಆದದ್ದು ಟ್ರೇಸಿ ಪಾದ್ರಿಯ ದೇಶದಲ್ಲಿ. 2014ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಅದಾದ ಮೇಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರದರ್ಶನದ ಹೆಸರಿನಲ್ಲಿದ್ದ ಇಸವಿಗಳು 1852ರಿಂದ 1860. ಮಧುರೈ, ಮದ್ರಾಸು, ಬೆಂಗಳೂರುಗಳಿಗೆ ಅದು ಬರಲಿಲ್ಲ. ಚಿತ್ರಗಳೇನೋ ಈಗ ಆ ಮ್ಯೂಸಿಯಂಗಳ ಜಾಲತಾಣಗಳಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಹುಡುಕುವಾಗ ಅವನು ಚೀಟಿಯ ಮೇಲೆ ಹಾಕಿಸಿದ ಆ ಕಾಲದ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು: ವೈಗೈಗೆ ವೈಗೇ, ಶ್ರೀರಂಗಕ್ಕೆ ಸೆರಿಂಘಂ, ಪುದುಕೋಟೆಗೆ ಪೂದೂಕೋಟಾ.